ಹಳ್ಳಕ್ಕೆ ಬಿದ್ದ ಸೋಫಾ

ಮಳೆಗಾಲ ಕಳೆದ ಮೇಲೆ ಹಳ್ಳದ ಕಸ ತೆಗೆಯುವುದು ನಮ್ಮ ಬಳಗದ ವಾಡಿಕೆ. ಈ ಸಲ ಕಾಲುಸಂಕದ ಕಂಬಗಳಿಗೆ ಸಿಕ್ಕಿಕೊಂಡು ನೀರಿನ ದಾರಿಯನ್ನೇ ಕಟ್ಟಿದ್ದದ್ದು ಮೂವರು ಕೂರುವ ಒಂದು ಸೋಫಾ. ನೀರು ಕುಡಿದು ಕಲ್ಲಿನಂತೆ ಭಾರವಾಗಿದ್ದ ಅದನ್ನು ದಡಕ್ಕೆ ಎಳೆಯಲು ಆರು ಮಂದಿ ವಿದ್ಯಾರ್ಥಿಗಳು ಬೇಕಾದರು. ಎಳೆದಂತೆಲ್ಲ ಅದರೊಳಗಿನ ಸ್ಪಂಜು ಚೂರುಚೂರಾಗಿ ಹಳ್ಳದ ಗುಂಟ ತೇಲಿಹೋಯಿತು. ಚೌಕಟ್ಟು ಮಾತ್ರ ಗಟ್ಟಿಯಾಗಿಯೇ ಇತ್ತು. ಹಲಸಿನ ಮರದ್ದು, ಯಾರೋ ಆಚಾರಿಯ ಕೈಕೆಲಸ. ಇನ್ನೊಂದು ತಲೆಮಾರು ಬಾಳಬಹುದಾದದ್ದು.

ಎಸೆದವರನ್ನು ಬೈಯುವುದು ಸುಲಭ. ಆದರೆ ಅಂಥದೇ ಕುಳಿಬಿದ್ದ ಸೋಫಾ ನನ್ನ ಮನೆಯ ಜಗಲಿಯಲ್ಲಿಯೂ ಇತ್ತು, ಅದನ್ನು ಕೊಟ್ಟು ಹೊಸದು ತರುವ ಮಾತು ಮನೆಯಲ್ಲಿ ನಡೆದಿತ್ತು. ಆ ಮಾತನ್ನು ಮುಂದೂಡಿ, ಪೇಟೆಯ ಕುಷನ್ ಅಂಗಡಿಯ ಹಿರಿಯರೊಬ್ಬರ ಬಳಿ ಎರಡು ತಿಂಗಳ ಭಾನುವಾರಗಳನ್ನು ಕಳೆದೆ. ಕಾಫಿ ತೋಟಗಳ ಬಂಗಲೆಯ ಕುರ್ಚಿಗಳನ್ನು ದುರಸ್ತಿ ಮಾಡುತ್ತ ಕೆಲಸ ಕಲಿತವರು ಅವರು. ಸುತ್ತಿಗೆ ಕೇಳಿದ ನನ್ನ ಕೈಗೆ ಮೊಳೆ ಕೀಳುವ ಉಳಿಯನ್ನು ಕೊಟ್ಟು, “ಡಾಕ್ಟ್ರೇ, ಮೊದಲು ಬಿಚ್ಚುವುದನ್ನು ಕಲಿಯಿರಿ” ಎಂದರು.

ಬಿಚ್ಚುವುದೇ ಮೊದಲ ಪಾಠವೆಂಬುದಕ್ಕೆ ಕಾರಣವುಂಟು. ಹಳೆಯ ಬಟ್ಟೆಯನ್ನು ಹರಿಯದೆ ತೆಗೆದರೆ ಅದೇ ಹೊಸ ಬಟ್ಟೆಗೆ ಅಳತೆಯಾಗುತ್ತದೆ. ಯಾವ ಪದರದ ಮೇಲೆ ಯಾವುದು ಕೂತಿತ್ತೆಂಬುದು ಕಣ್ಣಿಗೆ ಬೀಳುತ್ತದೆ. ಹಳೆಯ ಪದ್ಧತಿಯ ಕುರ್ಚಿಯೊಂದನ್ನು ಬಿಚ್ಚಿದಾಗ ನಾನು ಕಂಡದ್ದು ಹೀಗಿತ್ತು. ಎಲ್ಲಕ್ಕಿಂತ ಕೆಳಗೆ ನವಾರದ ಮಂಚದಂತೆ ಅಡ್ಡ ಉದ್ದ ಹೆಣೆದ ಸೆಣಬಿನ ಪಟ್ಟಿಗಳು. ಅವುಗಳಿಗೆ ಹೊಲಿದು ನಿಲ್ಲಿಸಿದ ಸುರುಳಿ ಸ್ಪ್ರಿಂಗುಗಳು. ಪ್ರತಿ ಸ್ಪ್ರಿಂಗನ್ನೂ ಅಮುಕಿ ಹಿಡಿದು, ಹಿಂದೆ ಮುಂದೆ, ಎಡ ಬಲ, ಮೂಲೆಯಿಂದ ಮೂಲೆಗೆ ಹುರಿಯಿಂದ ಬಿಗಿದಿದ್ದರು. ಒಂದರ ಮೇಲೆ ಭಾರ ಬಿದ್ದರೆ ಸುತ್ತಲಿನವು ಹಂಚಿಕೊಳ್ಳಲೆಂದು ಈ ಕಟ್ಟು. ಅದರ ಮೇಲೆ ಗೋಣಿತಾಟು, ಅದರ ಮೇಲೆ ನಾರಿನ ಮೆತ್ತೆ. ಸೀಟಿನ ಅಂಚು ಕುಸಿಯದಂತೆ ದಬ್ಬಳದಿಂದ ಸಾಲುಸಾಲಾಗಿ ಹೊಲಿದಿದ್ದರು. ಈ ಅಂಚಿನ ಹೊಲಿಗೆಯೇ ಕಸುಬಿನ ಕಠಿಣ ಭಾಗ, ನನಗಿನ್ನೂ ಕೈಗೂಡಿಲ್ಲ. ಆ ಕುರ್ಚಿಯ ಮೆತ್ತೆಯಲ್ಲಿ ಎಲ್ಲಿಯೂ ಅಂಟು ಇರಲಿಲ್ಲ. ಮೊಳೆ, ಹುರಿ, ನಾರು ಇಷ್ಟೇ. ಆದ್ದರಿಂದ ಯಾವ ಪದರವನ್ನಾದರೂ ಬಿಡಿಯಾಗಿ ತೆಗೆದು ಸರಿಪಡಿಸಬಹುದು. ಅದುಮಿಹೋದ ನಾರನ್ನು ತೊಳೆದು, ಒಣಗಿಸಿ, ಬಿಡಿಸಿ ಮತ್ತೆ ತುಂಬಬಹುದು. ತೆಂಗಿನ ನಾರಿನಲ್ಲಿ ಲಿಗ್ನಿನ್ ಎಂಬ ಗಟ್ಟಿ ಅಂಶ ಹೆಚ್ಚಾಗಿರುವುದರಿಂದ ಅದು ತೇವಕ್ಕೆ ಬೇಗ ಕೊಳೆಯುವುದಿಲ್ಲ.

ಈ ವಿವೇಕ ನಮ್ಮ ನೆಲಕ್ಕೆ ಹೊಸದಲ್ಲ. ಬೇಸಿಗೆಯಲ್ಲಿ ಪಿಂಜಾರರು ಮನೆಮನೆಗೆ ಬಂದು, ಗಂಟುಕಟ್ಟಿದ ಹಾಸಿಗೆಯನ್ನು ಬಿಚ್ಚಿ, ಹತ್ತಿಯನ್ನು ಬಿಲ್ಲಿನಿಂದ ಎಕ್ಕಿ, ಅದೇ ಹತ್ತಿಯಿಂದ ಹೊಸ ಹಾಸಿಗೆ ಹೊಲಿದು ಕೊಡುತ್ತಿದ್ದುದನ್ನು ಐವತ್ತರ ಆಸುಪಾಸಿನ ಓದುಗರು ನೋಡಿಯೇ ಇರುತ್ತಾರೆ.

ಇನ್ನು ಸ್ಪಂಜಿನ ಮಾತು. ಪಾಲಿಯುರೆಥೇನ್ ರಸಾಯನವನ್ನು ಜರ್ಮನಿಯ ಆಟೋ ಬೇಯರ್ ಮತ್ತು ಸಂಗಡಿಗರು ೧೯೩೭ರಲ್ಲಿ ರೂಪಿಸಿದರು. ಮೆತ್ತನೆಯ ಫೋಮ್ ೧೯೫೦ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಇದರ ಮುಖ್ಯ ಕಚ್ಚಾವಸ್ತುವಾದ ಐಸೋಸಯನೇಟ್, ೧೯೮೪ರಲ್ಲಿ ಭೋಪಾಲದಲ್ಲಿ ಸೋರಿದ ಅನಿಲದ ಕುಲಕ್ಕೇ ಸೇರಿದ್ದು. ಹಾಗೆಂದು ಸಿದ್ಧವಾದ ಸ್ಪಂಜು ವಿಷವೆಂದು ಹೆದರಿಸುವುದು ಸರಿಯಲ್ಲ. ಆ ಅಪಾಯ ಮುಖ್ಯವಾಗಿ ತಯಾರಿಕೆಯ ಕೆಲಸಗಾರರದು. ನಮ್ಮ ಪಾಲಿನ ಅಪಾಯ ಇರುವುದು ಬೆಂಕಿಯಲ್ಲಿ. ಸ್ಪಂಜು ಉರಿದರೆ ಇಂಗಾಲದ ಮಾನಾಕ್ಸೈಡಿನೊಡನೆ ಹೈಡ್ರೋಜನ್ ಸಯನೈಡ್ ಕೂಡ ಏಳುತ್ತದೆ. ೧೯೭೯ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಅಂಗಡಿಯೊಂದರಲ್ಲಿ ಇಂಥ ಪೀಠೋಪಕರಣಗಳಿಗೆ ಬೆಂಕಿ ಬಿದ್ದು ಹತ್ತು ಮಂದಿ ಸತ್ತರು. ಅಲ್ಲಿ ೧೯೮೮ರಲ್ಲಿ ಕಟ್ಟುನಿಟ್ಟಾದ ನಿಯಮಗಳು ಬಂದವು. ಹಳೆಯ ಸ್ಪಂಜನ್ನು ಬಚ್ಚಲೊಲೆಗೆ ಹಾಕುವವರು ಇದನ್ನು ನೆನೆಯಬೇಕು.

ಆದರೂ ನನ್ನ ಸೋಫಾಕ್ಕೆ ನಾನು ಸ್ಪಂಜನ್ನೇ ಹಾಕಿದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಕಲಿಯುವವನಿಗೆ ಅದು ಸುಲಭ: ಕತ್ತರಿಸು, ಹೊದಿಸು, ಸ್ಟೇಪಲ್ ಗನ್ನಿನಿಂದ ಹೊಡೆ, ಒಂದು ದಿನದ ಕೆಲಸ. ಇಲ್ಲಿ ತಿಳಿದಿರಬೇಕಾದದ್ದು ಡೆನ್ಸಿಟಿ. ಒಂದು ಘನ ಮೀಟರ್ ಸ್ಪಂಜು ಎಷ್ಟು ಕಿಲೋ ತೂಗುತ್ತದೆ ಎಂಬ ಲೆಕ್ಕ ಅದು. ಗಟ್ಟಿತನವೇ ಬೇರೆ, ಡೆನ್ಸಿಟಿಯೇ ಬೇರೆ. ಬೆರಳಿಗೆ ಗಟ್ಟಿಯೆನಿಸಿದ ಹಗುರ ಸ್ಪಂಜು ಬೇಗ ಕುಳಿಬೀಳುತ್ತದೆ. ಕೂರುವ ಜಾಗಕ್ಕೆ ೪೦ರದು, ಒರಗುವ ಜಾಗಕ್ಕೆ ೩೨ರದು ಎಂಬುದು ನನ್ನ ಗುರುಗಳ ಲೆಕ್ಕ. ಅಗ್ಗದ ಸ್ಪಂಜೇ ಮೊದಲು ಹಳ್ಳ ಸೇರುವುದು.

ಹಳೆಯದೆಲ್ಲ ಕಾಡಿಗೆ ಹಿತವೆಂದು ತಿಳಿಯುವುದೂ ತಪ್ಪು. ಬೆತ್ತದ ಸೀಟು ಚೆಂದ, ಗಾಳಿಯಾಡುತ್ತದೆ, ಸಡಿಲಾದರೆ ಕೆಳಗಿನಿಂದ ಒದ್ದೆಮಾಡಿ ಒಣಗಿಸಿದರೆ ತಕ್ಕಮಟ್ಟಿಗೆ ಬಿಗಿಯಾಗುತ್ತದೆ. ಆದರೆ ಆ ಬೆತ್ತ ಯಾವ ಶೋಲೆಯಿಂದ ಬಂತೆಂದು ಕೇಳದೆ ಕೊಳ್ಳುವುದು ನಮಗೆ ಶೋಭಿಸುವುದಿಲ್ಲ. ಊರ ತುಂಬ ರಸ್ತೆಯಂಚಿಗೆ ರಾಶಿ ಬೀಳುವ ಅಡಿಕೆ ಸಿಪ್ಪೆಯನ್ನೇ ಮೆತ್ತೆಗೆ ತುಂಬಿದರೇನು ಎಂಬ ಉತ್ಸಾಹವೂ ನನ್ನಲ್ಲಿ ಹುಟ್ಟಿತ್ತು. ವಿಜ್ಞಾನಿಯ ಚಪಲ! ಅದರ ಎಳೆ ಗಿಡ್ಡ, ಸುರುಳಿ ಹಿಡಿದು ಪುಟಿಯುವ ಗುಣ ಕಡಿಮೆ. ಸ್ಟೂಲೊಂದಕ್ಕೆ ತುಂಬಿ ಕೂತೆ; ಮೂರು ವಾರಕ್ಕೆ ಅದು ಹಲಗೆಯಾಯಿತು. ಗುರುಗಳು ನಗಲಿಲ್ಲ, ತೆಂಗಿನ ನಾರಿನ ಕಂತೆಯೊಂದನ್ನು ನನ್ನತ್ತ ತಳ್ಳಿದರು ಅಷ್ಟೆ.

ಕಲಿಯಬಯಸುವ ವಿದ್ಯಾರ್ಥಿಗಳು ಸೋಫಾಕ್ಕೆ ಕೈಹಾಕುವುದು ಬೇಡ. ನಾಲ್ಕು ಸ್ಕ್ರೂ ತಿರುಗಿಸಿದರೆ ಸೀಟು ಕೈಗೆ ಬರುವ ಊಟದ ಮೇಜಿನ ಕುರ್ಚಿಯೊಂದನ್ನು ಹಿಡಿಯಿರಿ. ಬಟ್ಟೆಯ ಉದ್ದೆಳೆ ಹಿಂದಿನಿಂದ ಮುಂದಕ್ಕೆ ನೇರವಾಗಿರಲಿ. ಮೊದಲ ಮೊಳೆ ಹಿಂಬದಿಯ ನಡುವೆ, ಎರಡನೆಯದು ಮುಂಬದಿಯ ನಡುವೆ, ಬಳಿಕ ಎರಡೂ ಪಕ್ಕಗಳ ನಡುವೆ. ಅಲ್ಲಿಂದ ಮೂಲೆಗಳತ್ತ ಸಾಗಬೇಕು. ಮೊದಲ ಸುತ್ತಿನಲ್ಲಿ ಮೊಳೆಗಳನ್ನು ಅರ್ಧ ಮಾತ್ರ ಹೊಡೆಯಿರಿ, ಎಳೆದು ಸರಿಮಾಡಲು ಅವಕಾಶವಿರುತ್ತದೆ. ಮೂಲೆಯಿಂದ ಶುರುಮಾಡಿದ ನನ್ನ ಮೊದಲ ಸೀಟಿನ ಸುಕ್ಕು ಈಗಲೂ ಮನೆಯವರ ತಮಾಷೆಯ ವಸ್ತು. ಹಳೆಯ ಸ್ಪಂಜಿನ ಧೂಳಿಗೆ ಮೂಗಿಗೊಂದು ಬಟ್ಟೆ ಕಟ್ಟಿಕೊಳ್ಳಿ. ಸ್ಟೇಪಲ್ ಕೀಳುವಾಗ ಕಣ್ಣು ಜೋಪಾನ.

ಸಂಕದಡಿಯ ಸೋಫಾದ ಚೌಕಟ್ಟು ಈಗ ನಮ್ಮ ಕಚೇರಿಯ ಮಾಡಿನಡಿ ಒಣಗುತ್ತಿದೆ. ಮುಂದಿನ ತಿಂಗಳ ಎರಡು ಭಾನುವಾರ ಅದಕ್ಕೆ ಪಟ್ಟಿ ಹೆಣೆದು ನಾರು ತುಂಬಲಿದ್ದೇವೆ. ಗುರುಗಳು ಬರಲು ಒಪ್ಪಿದ್ದಾರೆ, ಅವರ ದಿನಗೂಲಿಯನ್ನು ಬಳಗ ಕೊಡುತ್ತದೆ. ಹೆಕ್ಕಿ ತಂದ ಸ್ಪಂಜಿನ ಚೂರುಗಳು ಮಾತ್ರ ಎರಡು ಗೋಣಿಚೀಲದಲ್ಲಿ ಹಾಗೆಯೇ ಬಿದ್ದಿವೆ. ಒಣಗಿದ, ಶುಚಿಯಾದ ಚೂರುಗಳಾದರೆ ಅಂಟಿಸಿ ಮತ್ತೆ ಹಲಗೆ ಮಾಡುವವರು ಕೊಳ್ಳುತ್ತಾರೆ. ಕೆಸರು ಹಿಡಿದದ್ದನ್ನು ಯಾರೂ ಕೇಳುವುದಿಲ್ಲ. ಪಂಚಾಯಿತಿಯಲ್ಲಿ ವಿಚಾರಿಸಿದೆವು. ಇಟ್ಟುಕೊಳ್ಳಲು ಜಾಗವಿಲ್ಲವೆಂದರು.