ತಲೆಗೆ ಹಚ್ಚುವ ಡೈಯನ್ನು ಹುಬ್ಬಿಗೂ ಹಚ್ಚಬಹುದೇ?

‘ತಲೆಗೆ ಹಚ್ಚಿ ಉಳಿದ ಡೈಯನ್ನು ಹುಬ್ಬಿಗೂ ಸವರಿ, ಐದೇ ನಿಮಿಷದಲ್ಲಿ ಬಿಳಿ ಕೂದಲು ಮಾಯ!’ ಹುಬ್ಬಿನಲ್ಲಿ ಒಂದೆರಡು ಬಿಳಿ ಕೂದಲು ಕಂಡವರಿಗೆ ಇಂಥ ಸಲಹೆ ಆಗಾಗ ಸಿಗುತ್ತದೆ. ಹುಬ್ಬಿನ ಬಣ್ಣ ತಿಳಿಯಾಗಿಸಲು ನಿಂಬೆರಸ ಅಥವಾ ಬ್ಲೀಚ್ ಸಾಕು ಎನ್ನುವವರೂ ಇದ್ದಾರೆ. ಇದೆಲ್ಲ ಸುರಕ್ಷಿತವೇ? ನೋಡೋಣ.

ಪ್ಯಾಕೆಟ್ ಏನು ಹೇಳುತ್ತದೆ?

ಉತ್ತರ ಡೈ ಪ್ಯಾಕೆಟ್ ಮೇಲೆಯೇ ಇದೆ. ಕಪ್ಪು ಬಣ್ಣದ ಹೆಚ್ಚಿನ ಡೈಗಳಲ್ಲಿ ಪಿಪಿಡಿ (ಪ್ಯಾರಾ ಫಿನೈಲಿನ್ ಡಯಮೀನ್) ಎಂಬ ರಾಸಾಯನಿಕ ಇರುತ್ತದೆ. ಇಂಥ ಡೈಯನ್ನು ರೆಪ್ಪೆಗೂದಲು, ಹುಬ್ಬಿಗೆ ಬಳಸಬಾರದು, ಬಳಸಿದರೆ ಕಣ್ಣು ಕುರುಡಾಗಬಹುದು ಎಂಬ ಎಚ್ಚರಿಕೆ ಮುದ್ರಿಸುವುದು ಭಾರತದಲ್ಲಿ ಕಡ್ಡಾಯ. ಅಕ್ಷರ ಸಣ್ಣದಾದ್ದರಿಂದ ನಾವು ಓದುವುದಿಲ್ಲ, ಅಷ್ಟೇ.

ಈ ಎಚ್ಚರಿಕೆಯ ಹಿಂದೆ ಕಹಿ ಅನುಭವವಿದೆ. 1933ರ ಸುಮಾರಿಗೆ ಅಮೆರಿಕದಲ್ಲಿ ‘ಲ್ಯಾಶ್ ಲೂರ್’ ಎಂಬ ರೆಪ್ಪೆ-ಹುಬ್ಬಿನ ಡೈ ಮಾರಾಟದಲ್ಲಿತ್ತು. ಅದರಲ್ಲಿ ಇದ್ದದ್ದೂ ಪಿಪಿಡಿಯೇ. ಹಚ್ಚಿಕೊಂಡ ಕೆಲವು ಮಹಿಳೆಯರು ದೃಷ್ಟಿ ಕಳೆದುಕೊಂಡರು, ಒಬ್ಬರು ಪ್ರಾಣವನ್ನೇ ಬಿಟ್ಟರು. ಆಗ ಸೌಂದರ್ಯವರ್ಧಕಗಳನ್ನು ನಿಯಂತ್ರಿಸುವ ಕಾನೂನು ಅಲ್ಲಿ ಇರಲಿಲ್ಲ. 1938ರಲ್ಲಿ ಹೊಸ ಕಾನೂನು ಬರಲು ಈ ಪ್ರಕರಣವೂ ಒಂದು ಕಾರಣ.

‘ನಾನು ಹತ್ತು ವರ್ಷದಿಂದ ಹಚ್ಚುತ್ತಿದ್ದೇನೆ, ಏನೂ ಆಗಿಲ್ಲ’

ಅಲರ್ಜಿ ಮೊದಲ ದಿನವೇ ಬರಬೇಕೆಂದಿಲ್ಲ. ಹಲವು ಸಲ ಬಳಸಿದ ಮೇಲೆ ದೇಹ ಪಿಪಿಡಿಗೆ ಇದ್ದಕ್ಕಿದ್ದಂತೆ ತಿರುಗಿಬೀಳಬಹುದು. ಒಮ್ಮೆ ಹಾಗಾದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ತಲೆಯಲ್ಲಿ ತುರಿಕೆಯಷ್ಟೇ ಆಗುವುದು ಹುಬ್ಬಿನಲ್ಲಾದರೆ ಕಣ್ಣೇ ಊದಿ ಮುಚ್ಚಿಕೊಳ್ಳಬಹುದು. ಡೈ ಹನಿ ಬೆವರು, ನೀರಿನ ಜೊತೆ ಇಳಿದರೆ ನೇರ ಕಣ್ಣಿಗೇ ಸೇರುತ್ತದೆ.

ಮೆಹೆಂದಿ, ನಿಂಬೆ, ಬ್ಲೀಚ್?

ಅಪ್ಪಟ ಮದರಂಗಿಯ ಬಣ್ಣ ಕೆಂಪು ಮಿಶ್ರಿತ ಕಿತ್ತಳೆ. ಬೇಗನೆ ಕಡುಗಪ್ಪು ಬಣ್ಣ ಕೊಡುವ ‘ಕಪ್ಪು ಮೆಹೆಂದಿ’ಯಲ್ಲಿ ಹಲವು ಬಾರಿ ಪಿಪಿಡಿಯನ್ನೇ ಬೆರೆಸಿರುತ್ತಾರೆ. ‘ಹರ್ಬಲ್’ ಎಂಬ ಹೆಸರು ನೋಡಿ ನಂಬಬೇಡಿ, ಹಿಂಬದಿಯ ಪಟ್ಟಿ ಓದಿ.

ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಗುಳ್ಳೆ ಎದ್ದು, ಕಪ್ಪು ಕಲೆ ವಾರಗಟ್ಟಲೆ ಉಳಿಯಬಹುದು. ಬ್ಲೀಚ್‌ನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಕಣ್ಣಿಗೆ ಬಿದ್ದರೆ ಕಣ್ಣಿನ ಪಾರದರ್ಶಕ ಪದರಕ್ಕೇ ಪೆಟ್ಟು.

ಹಾಗಾದರೆ ಏನು ಮಾಡಬೇಕು?

• ಒಂದೆರಡು ಬಿಳಿ ಕೂದಲಿದ್ದರೆ ಚಿಕ್ಕ ಕತ್ತರಿಯಿಂದ ಕತ್ತರಿಸಿ. ಕಿತ್ತರೆ ಹೆಚ್ಚಾಗುತ್ತದೆ ಎಂಬುದು ಸುಳ್ಳು, ಆದರೆ ಪದೇಪದೇ ಕಿತ್ತರೆ ಆ ಜಾಗದಲ್ಲಿ ಕೂದಲು ಬೆಳೆಯದೇ ಹೋಗಬಹುದು.
• ಕಪ್ಪು ಮಾಡಬೇಕೆಂದರೆ ಐಬ್ರೋ ಪೆನ್ಸಿಲ್ ಅಥವಾ ಪೌಡರ್ ಸಾಕು. ರಾತ್ರಿ ತೊಳೆದರೆ ಹೋಗುತ್ತದೆ.
• ತಿಳಿಯಾಗಿ ಕಾಣಬೇಕೆಂದರೆ ಕಂದು ಬಣ್ಣದ ಐಬ್ರೋ ಜೆಲ್ ಬಳಸಿ.
• ಹುಬ್ಬಿಗೆಂದೇ ಮಾರುವ ಟಿಂಟ್‌ನಲ್ಲೂ ಪಿಪಿಡಿ ಇದೆಯೇ ನೋಡಿ. ಮೊಣಕೈ ಒಳಭಾಗಕ್ಕೆ ಹಚ್ಚಿ 48 ಗಂಟೆ ಕಾಯಿರಿ. ಆದರೆ ಈ ಪರೀಕ್ಷೆ ಪಾಸಾಯಿತೆಂದು ತಲೆಯ ಡೈಯನ್ನು ಹುಬ್ಬಿಗೆ ಹಚ್ಚುವಂತಿಲ್ಲ.

ಕಣ್ಣಿಗೆ ಬಿದ್ದರೆ?

ಉಜ್ಜಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಿರಿ. ಸ್ವಚ್ಛ ನೀರನ್ನು ಕನಿಷ್ಠ 15 ನಿಮಿಷ ಸುರಿಯುತ್ತಾ ತೊಳೆಯಿರಿ. ಹಾಲು, ರೋಸ್ ವಾಟರ್, ಜೇನುತುಪ್ಪ ಯಾವುದೂ ಬೇಡ. ಪ್ಯಾಕೆಟ್ ಹಿಡಿದುಕೊಂಡೇ ಕಣ್ಣಿನ ವೈದ್ಯರ ಬಳಿ ಹೋಗಿ. ಮುಖ ಊದಿ ಉಸಿರಾಟಕ್ಕೆ ತೊಂದರೆಯಾದರೆ ತಕ್ಷಣ ಆಸ್ಪತ್ರೆಗೆ ಧಾವಿಸಿ.

ಕೊನೆಯ ಮಾತು: ತಲೆಗೂದಲಿನ ಡೈಯನ್ನು ಹುಬ್ಬಿಗೆ ಹಚ್ಚಬಹುದು ಎಂಬ ಸಲಹೆ ತಪ್ಪು ಮತ್ತು ಅಪಾಯಕಾರಿ. ಹುಬ್ಬಿನ ಕೂದಲು ಕೆಲವೇ ತಿಂಗಳಲ್ಲಿ ಉದುರಿ ಹೊಸದು ಬರುತ್ತದೆ, ಕಣ್ಣು ಹಾಗಲ್ಲ. ಅಂಥ ಸಂದೇಶ ನಿಮ್ಮ ಗ್ರೂಪ್‌ಗೆ ಬಂದರೆ ಫಾರ್ವರ್ಡ್ ಮಾಡುವ ಬದಲು, ಡೈ ಪ್ಯಾಕೆಟ್ ಮೇಲಿನ ಎಚ್ಚರಿಕೆಯ ಫೋಟೋ ತೆಗೆದು ಉತ್ತರವಾಗಿ ಹಾಕಿ.