ಇವತ್ತೇನು ಹಬ್ಬ?

ಗಂಡಸೊಬ್ಬ ಸ್ಕರ್ಟ್ ತೊಟ್ಟು ರಸ್ತೆಗೆ ಬಂದರೆ ನಮ್ಮವರ ಬಾಯಿಂದ ಮೊದಲು ಹೊರಡುವ ಮಾತು ಬೈಗುಳವಲ್ಲ, ಒಂದು ಪ್ರಶ್ನೆ: ‘ಏನಪ್ಪಾ, ಇವತ್ತೇನು ಹಬ್ಬ?’ ಕೇಳುವವರು ನಗುತ್ತಲೇ ಕೇಳುತ್ತಾರೆ. ಅದರಲ್ಲಿ ಕೇಡು ಕಾಣುವುದಿಲ್ಲ. ಆದರೆ ಆ ಪ್ರಶ್ನೆಯ ಹೊಟ್ಟೆಯೊಳಗೆ ಒಂದು ಕಟ್ಟಳೆ ಕೂತಿದೆ. ಇಂಥದಕ್ಕೆಲ್ಲ ಒಂದು ದಿನ ಅಂತಿದೆ, ಆ ದಿನ ಬಿಟ್ಟು ಬೇರೆ ದಿನ ತೊಟ್ಟವನು ಕಾರಣ ಹೇಳಬೇಕು ಎಂಬ ಕಟ್ಟಳೆ. ನನ್ನ ತಕರಾರು ಆ ಕಟ್ಟಳೆಯ ಮೇಲೆ.

ಪ್ರತಿವರ್ಷ ಅಕ್ಟೋಬರ್ ಹೊತ್ತಿಗೆ ಕರ್ನಾಟಕದಲ್ಲಿ ಒಂದು ವಿಚಿತ್ರ ಜಗಳ ನಡೆಯುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮಕ್ಕಳು ಮಾಟಗಾತಿಯ ಟೋಪಿ ಹಾಕಿಕೊಂಡು ಹ್ಯಾಲೋವೀನ್ ಆಚರಿಸುತ್ತಾರೆ. ‘ಇದು ನಮ್ಮ ಹಬ್ಬವೇ ಅಲ್ಲ’ ಎಂದು ಒಂದು ಗುಂಪು ಮೂಗು ಮುರಿಯುತ್ತದೆ. ‘ಮಕ್ಕಳ ಖುಷಿಗೆ ಅಡ್ಡ ಬರಬೇಡಿ’ ಎಂದು ಇನ್ನೊಂದು ಗುಂಪು ತಿರುಗಿಬೀಳುತ್ತದೆ. ಅದಕ್ಕೆ ತುಸು ಮೊದಲು, ದಕ್ಷಿಣ ಕನ್ನಡ ಉಡುಪಿಗಳಲ್ಲಿ ನವರಾತ್ರಿಯ ವೇಷಗಳು ಅಂಗಡಿಯಿಂದ ಅಂಗಡಿಗೆ ಸುತ್ತಿ ಹೋಗಿರುತ್ತವೆ. ಹುಲಿ, ಕರಡಿ, ಪೊಲೀಸು, ಅವರ ನಡುವೆ ಸೀರೆ ಉಟ್ಟು ತುಟಿಗೆ ಬಣ್ಣ ಹಚ್ಚಿದ ಹುಡುಗರು. ಕೆಲವರದು ಹರಕೆ, ಕೆಲವರದು ತಮಾಷೆ, ಕೆಲವರದು ನಾಲ್ಕು ಕಾಸಿನ ಸಂಪಾದನೆ. ಯಾರೂ ತಕರಾರು ತೆಗೆಯುವುದಿಲ್ಲ. ಮೊದಲ ಗುಂಪು ಇದನ್ನು ಸಂಸ್ಕೃತಿ ಎನ್ನುತ್ತದೆ, ಎರಡನೆಯದು ಜಾನಪದ ಎನ್ನುತ್ತದೆ. ಹಬ್ಬ ಯಾರದು ಎಂಬುದರ ಬಗ್ಗೆ ಇಷ್ಟೆಲ್ಲ ಕಿತ್ತಾಡುವ ಇವರಿಬ್ಬರೂ ಒಂದು ವಿಷಯದಲ್ಲಿ ಅಣ್ಣತಮ್ಮಂದಿರು: ಹಬ್ಬ ಮುಗಿದ ಮಾರನೆಯ ದಿನ ಆ ಹುಡುಗ ಪ್ಯಾಂಟು ಹಾಕಿಕೊಂಡೇ ಕೆಲಸಕ್ಕೆ ಬರಬೇಕು.

ಆ ಗಡುವು ಮೀರಿದರೆ ಏನಾಗುತ್ತದೆ ಎನ್ನುವುದನ್ನು ಸ್ಯಾನ್ ಫ್ರಾನ್ಸಿಸ್ಕೋ ಬಹಳ ಸ್ಪಷ್ಟವಾಗಿ ತೋರಿಸಿದೆ. ಆ ನಗರ 1863ರಲ್ಲಿ ಒಂದು ಕಾನೂನು ಮಾಡಿತು. ತನ್ನ ಲಿಂಗಕ್ಕೆ ಸೇರದ ಉಡುಪು ತೊಟ್ಟು ಸಾರ್ವಜನಿಕ ಜಾಗದಲ್ಲಿ ಕಾಣಿಸಿಕೊಳ್ಳುವುದು ಅಪರಾಧವಾಯಿತು. ಅದು ರದ್ದಾದದ್ದು 1974ರಲ್ಲಿ. ನೂರಕ್ಕೂ ಹೆಚ್ಚು ವರ್ಷ ಜಾರಿಯಲ್ಲಿದ್ದ ಈ ಕಾನೂನಿಗೆ ವರ್ಷಕ್ಕೊಂದು ರಾತ್ರಿ ರಜೆ ಸಿಗುತ್ತಿತ್ತು, ಹ್ಯಾಲೋವೀನ್ ರಾತ್ರಿ. ಅಂದು ಗೌನು ತೊಟ್ಟ ಗಂಡಸರನ್ನು ಪೊಲೀಸರು ಕಂಡೂ ಕಾಣದಂತೆ ಇರುತ್ತಿದ್ದರು. ಆದರೆ ಗಡಿಯಾರ ಹನ್ನೆರಡು ಹೊಡೆದರೆ ಹಬ್ಬ ಮುಗಿಯಿತು. ಬಾರುಗಳ ಹೊರಗೆ ಕಾಯುತ್ತಿದ್ದ ಪೊಲೀಸರು ಹನ್ನೆರಡರ ನಂತರ ಹೊರಬಂದವರನ್ನು ಹಿಡಿಯುತ್ತಿದ್ದರು. ಹತ್ತು ನಿಮಿಷದ ಹಿಂದೆ ವೇಷವಾಗಿದ್ದ ಬಟ್ಟೆ ಈಗ ಅಪರಾಧ. ಮೈಯೂ ಅದೇ, ಗೌನೂ ಅದೇ, ಬದಲಾದದ್ದು ಗಡಿಯಾರದ ಮುಳ್ಳು ಮಾತ್ರ.

ಆ ಊರಿನ ಬ್ಲ್ಯಾಕ್ ಕ್ಯಾಟ್ ಎಂಬ ಬಾರಿನಲ್ಲಿ ಹಾಡುತ್ತಿದ್ದ ಹೋಸೆ ಸಾರಿಯಾ ಇದಕ್ಕೊಂದು ಉಪಾಯ ಹುಡುಕಿದರು. ಹೆಣ್ಣುಡುಗೆ ತೊಟ್ಟವನನ್ನು ಪೊಲೀಸರು ಹಿಡಿಯುತ್ತಿದ್ದದ್ದು ‘ವಂಚಿಸುವ ಉದ್ದೇಶ’ ಎಂಬ ನೆಪದ ಮೇಲೆ. ಸಾರಿಯಾ ಬೆಕ್ಕಿನ ತಲೆಯ ಆಕಾರದ ಚೀಟಿಗಳನ್ನು ಮಾಡಿ ‘ನಾನು ಹುಡುಗ’ ಎಂದು ಬರೆದು ಎಲ್ಲರ ಉಡುಪಿಗೂ ಸಿಕ್ಕಿಸಿದರು. ನಾನು ಹುಡುಗ ಎಂದು ಎದೆಯ ಮೇಲೇ ಬರೆದುಕೊಂಡವನು ಯಾರನ್ನು ವಂಚಿಸಿದ ಹಾಗಾಯಿತು? ಈ ಸಾರಿಯಾ 1961ರಲ್ಲಿ ನಗರದ ಆಡಳಿತ ಮಂಡಳಿಗೆ ಚುನಾವಣೆಗೂ ನಿಂತರು. ಅಧಿಕಾರಿಗಳಿಗೂ ಪಾಠ ಅರ್ಥವಾಗಿರಬೇಕು. 1963ರಲ್ಲಿ ಬ್ಲ್ಯಾಕ್ ಕ್ಯಾಟ್‌ನ ಮದ್ಯದ ಪರವಾನಗಿ ರದ್ದಾಯಿತು, ಅದೂ ಹ್ಯಾಲೋವೀನ್ ಹಬ್ಬದ ಹಿಂದಿನ ದಿನ. ಹಬ್ಬದ ಅನುಮತಿ ಕೊಟ್ಟವರಿಗೆ ಅದನ್ನು ಕಿತ್ತುಕೊಳ್ಳುವುದೂ ಗೊತ್ತಿರುತ್ತದೆ. ಅದಕ್ಕೇ ಅದು ಹಕ್ಕಲ್ಲ, ದಯೆ.

ಇದು ಅಮೆರಿಕದ ಮಾತಾಯಿತು, ನಮ್ಮಲ್ಲಿ ಹಾಗಿರಲಿಲ್ಲ ಎನ್ನುವವರು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಎರಡನೆಯ ಭಾಗ ಓದಬೇಕು. ಬ್ರಿಟಿಷ್ ಸರ್ಕಾರ ‘ನಪುಂಸಕರು’ ಎಂದು ಪಟ್ಟಿ ಮಾಡಿದವರು ಹೆಣ್ಣಿನಂತೆ ಉಟ್ಟು, ಒಡವೆ ತೊಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ, ಕುಣಿದರೆ, ವಾದ್ಯ ನುಡಿಸಿದರೆ ವಾರಂಟ್ ಇಲ್ಲದೆ ಹಿಡಿಯಬಹುದಿತ್ತು. ಎರಡು ವರ್ಷದವರೆಗೆ ಜೈಲು. ಬ್ರಿಟಿಷರು ಹೋದರು, ಬುದ್ಧಿ ಹೋಗಲಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿತು. ಇಡೀ ಒಂದು ಸಮುದಾಯದ ಹೆಸರು ವಿಳಾಸಗಳನ್ನು ದಾಖಲಿಸಿ ಕಣ್ಣಿಡುವ ಅಧಿಕಾರವನ್ನು ಅದು ಪೊಲೀಸರಿಗೆ ಕೊಡುತ್ತಿತ್ತು. ಸಮುದಾಯದವರು ಹೋರಾಡಿ, ಕೋರ್ಟಿಗೆ ಹೋಗಬೇಕಾಯಿತು. ಇದೇ ಬೆಂಗಳೂರಿನಲ್ಲಿ ಚೈತ್ರ ಹುಣ್ಣಿಮೆಯ ರಾತ್ರಿ ಸ್ತ್ರೀವೇಷದ ಪೂಜಾರಿ ಮಲ್ಲಿಗೆಯ ಕರಗ ಹೊತ್ತು ಬರುವಾಗ ಜನ ದಾರಿಯುದ್ದಕ್ಕೂ ಕೈಮುಗಿದು ನಿಲ್ಲುತ್ತಾರೆ. ಎರಡೂ ಒಂದೇ ಊರಿನ ಸಂಗತಿ. ಕರಗಕ್ಕೆ ಮುಗಿದ ಕೈಯೇ ಮಾರನೆಯ ದಿನ ಸಿಗ್ನಲ್ಲಿನಲ್ಲಿ ಕಾರಿನ ಗಾಜು ಏರಿಸುತ್ತದೆ.

ನನ್ನ ಸಂಶೋಧನೆ ರಂಗಭೂಮಿಯ ವೇಷಭೂಷಣದ ಬಗ್ಗೆ. ಹಾಗಾಗಿ ವೇಷ ಎಂಬ ಶಬ್ದದ ಜೊತೆ ನನಗೆ ದಿನದ ಒಡನಾಟ. ಕನ್ನಡದಲ್ಲಿ ಬಟ್ಟೆಯನ್ನು ಉಡುತ್ತೇವೆ, ತೊಡುತ್ತೇವೆ, ಹಾಕಿಕೊಳ್ಳುತ್ತೇವೆ. ವೇಷವನ್ನು ಮಾತ್ರ ಕಟ್ಟುತ್ತೇವೆ, ಕಳಚುತ್ತೇವೆ. ಕಳಚಲೇಬೇಕು, ಇಲ್ಲದಿದ್ದರೆ ಅದು ವೇಷವಲ್ಲ. ಯಕ್ಷಗಾನದ ಸ್ತ್ರೀವೇಷಧಾರಿಯನ್ನು ಹೊಗಳುವಾಗ ‘ಹೆಣ್ಣೇ ನಾಚಬೇಕು’ ಎನ್ನುತ್ತೇವೆ. ಅದೇ ಲೇಖನದ ಕೊನೆಗೆ, ಚೌಕಿಯಿಂದ ಹೊರಬಂದರೆ ಅವರು ಎಂಥ ಗಂಭೀರ ಗೃಹಸ್ಥರು, ಮಕ್ಕಳೆಷ್ಟು ಎಂಬುದನ್ನು ಮರೆಯದೆ ಸೇರಿಸುತ್ತೇವೆ. ಯಾರೂ ಕೇಳದಿದ್ದ ಆ ಸಮಜಾಯಿಷಿ ಯಾಕೆ? ರಕ್ಕಸನ ಪಾತ್ರ ಮಾಡಿದವರ ಬಗ್ಗೆ ಬರೆಯುವಾಗ ‘ನಿಜಜೀವನದಲ್ಲಿ ಇವರು ಮನುಷ್ಯರನ್ನು ತಿನ್ನುವುದಿಲ್ಲ’ ಎಂದು ನಾವು ಸೇರಿಸುವುದಿಲ್ಲವಲ್ಲ!

ಇನ್ನು ‘ಗಂಡಸಿಗೆ ಲಂಗ ಹೊಂದುವುದಿಲ್ಲ’ ಎಂಬ ವಾದ. ಸೊಂಟಕ್ಕೆ ಸುತ್ತಿ ಕಾಲಿನವರೆಗೆ ಇಳಿಬಿಡುವ, ನಡುವೆ ಸೀಳದ ಬಟ್ಟೆ ಲುಂಗಿಯಾದರೆ ಗಂಡಸುತನ, ಸ್ಕರ್ಟಾದರೆ ನಾಚಿಕೆಗೇಡು. ಹೊಲಿಗೆ ಅಂಚುಗಳದ್ದೇ ವ್ಯತ್ಯಾಸವಾದರೆ ಗಂಡಸುತನ ದರ್ಜಿಯ ಕೈಯಲ್ಲಿದೆ ಎಂದಾಯಿತು. ಆ ಪಂಚೆಗಾದರೂ ನಾವು ಮರ್ಯಾದೆ ಕೊಟ್ಟೆವೇ? 2024ರ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದು ಪಂಚೆ ಉಟ್ಟ ರೈತರೊಬ್ಬರನ್ನು ಬಾಗಿಲಲ್ಲೇ ತಡೆಯಿತು. ಗಲಾಟೆಯಾಯಿತು, ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಒಳ್ಳೆಯದೇ ಆಯಿತು. ಆದರೆ ಆ ವಾರ ಸಿಟ್ಟಾದವರಲ್ಲಿ ಎಷ್ಟು ಜನರ ಕಚೇರಿಗಳು, ಕಾಲೇಜುಗಳು ಪಂಚೆ ಉಟ್ಟವನನ್ನು ಒಳಗೆ ಬಿಡುತ್ತವೆ? ವರ್ಷಕ್ಕೊಮ್ಮೆ ‘ಸಾಂಪ್ರದಾಯಿಕ ದಿನ’ ಅಂತ ಮಾಡಿ ಪಂಚೆ ಶಲ್ಯದಲ್ಲಿ ಫೋಟೋ ತೆಗೆಸಿಕೊಳ್ಳುತ್ತೇವೆ. ಈ ನಾಡಿನ ದಿನನಿತ್ಯದ ಉಡುಪನ್ನೇ ವೇಷ ಮಾಡಿಬಿಟ್ಟೆವು.

ಸ್ಕಾಟ್ಲೆಂಡಿನ ಕಿಲ್ಟ್ ಕತೆಯೂ ಇದೇ. ದಂಗೆ ಅಡಗಿಸಿದ ಮೇಲೆ 1746ರಲ್ಲಿ ಬ್ರಿಟಿಷ್ ಸಂಸತ್ತು ಹೈಲ್ಯಾಂಡ್ ಗಂಡಸರ ಆ ಉಡುಪನ್ನು ನಿಷೇಧಿಸಿತು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳ ಜೈಲು, ಎರಡನೆಯ ಸಲ ಏಳು ವರ್ಷದ ಗಡೀಪಾರು. ನಿಷೇಧ ತೆರವಾದದ್ದು 1782ರಲ್ಲಿ. ಆಮೇಲೆ ನಲವತ್ತು ವರ್ಷಕ್ಕೆ, 1822ರಲ್ಲಿ, ದೊರೆ ನಾಲ್ಕನೆಯ ಜಾರ್ಜನೇ ಕಿಲ್ಟ್ ತೊಟ್ಟು ಎಡಿನ್‌ಬರೋದಲ್ಲಿ ಮೆರೆದ. ಬೆಟ್ಟದ ಜನ ತೊಟ್ಟು ದುಡಿಯುತ್ತಿದ್ದಾಗ ಅಪರಾಧ, ಅವರ ಸೊಲ್ಲಡಗಿದ ಮೇಲೆ ರಾಜಮರ್ಯಾದೆ. ಅಪಾಯ ಕಳೆದುಕೊಂಡ ಉಡುಪಿಗೆ ಅಧಿಕಾರ ಕೊಡುವ ಪಿಂಚಣಿಯ ಹೆಸರು ಹಬ್ಬ.

ಹಾಗಾದರೆ ಗಂಡಸಿನ ಲಂಗದಲ್ಲಿ ಅಂಥ ಅಪಾಯ ಏನಿದೆ? ಉತ್ತರ ನಮ್ಮ ರಾಜಕೀಯ ಸಭೆಗಳಲ್ಲೇ ಇದೆ. ಎದುರಾಳಿಯನ್ನು ಹೀಯಾಳಿಸಬೇಕಾದರೆ ‘ಬಳೆ ತೊಟ್ಟುಕೊಳ್ಳಿ’ ಎನ್ನುತ್ತಾರೆ. ಕೆಲಸ ಮಾಡದ ಅಧಿಕಾರಿಯ ಮೇಜಿನ ಮೇಲೆ ಬಳೆ, ಸೀರೆ, ಅರಿಶಿನ ಕುಂಕುಮ ಇಟ್ಟು ಪ್ರತಿಭಟಿಸುತ್ತಾರೆ. ಎಷ್ಟೋ ಸಲ ಹೆಂಗಸರ ಕೈಯಲ್ಲೇ ಕೊಡಿಸುತ್ತಾರೆ. ಹೆಣ್ಣಿನ ಉಡುಗೆಯೇ ಅವಮಾನದ ಉಡುಗೊರೆ. ಪ್ಯಾರಿಸ್‌ನಲ್ಲಿ 1800ರ ಆಜ್ಞೆಯೊಂದರ ಪ್ರಕಾರ ಹೆಂಗಸರು ಪ್ಯಾಂಟು ತೊಡಲು ಪೊಲೀಸರ ಅನುಮತಿ ಪಡೆಯಬೇಕಿತ್ತು. ಯಾರೂ ಪಾಲಿಸದೆ ಬಹುಕಾಲ ಕಡತದಲ್ಲೇ ಉಳಿದ ಅದನ್ನು 2013ರಲ್ಲಿ ಅನೂರ್ಜಿತ ಎಂದು ಘೋಷಿಸಿದರು. ಹೆಂಗಸರು ಅಷ್ಟರಲ್ಲಿ ಆ ಪ್ಯಾಂಟನ್ನು ಗೆದ್ದುಕೊಂಡಾಗಿತ್ತು. ಹೆಣ್ಣು ಪ್ಯಾಂಟು ತೊಟ್ಟರೆ ಮೇಲೆ ಹತ್ತಿದಳು ಎಂದು ಲೋಕ ಕೊನೆಗೂ ಒಪ್ಪುತ್ತದೆ. ಗಂಡು ಲಂಗ ತೊಟ್ಟರೆ ಕೆಳಗೆ ಬಿದ್ದ ಎನ್ನುತ್ತದೆ. ಹೆಣ್ಣು ಕೆಳಗೆ ಎಂಬ ನಂಬಿಕೆ ಇಲ್ಲದೆ ಈ ಲೆಕ್ಕ ಕೂಡುವುದೇ ಇಲ್ಲ. ಟೀವಿಯ ನಗೆ ಕಾರ್ಯಕ್ರಮಗಳಲ್ಲಿ ಸೀರೆ ಉಟ್ಟ ಗಂಡಸು ಬಾಯಿ ತೆರೆಯುವ ಮೊದಲೇ ನಗು ಬರುತ್ತದಲ್ಲ, ಆ ನಗು ಗಂಡಸಿನ ಮೇಲೆ ಬಿದ್ದ ಹಾಗೆ ಕಾಣುತ್ತದೆ, ಬೀಳುವುದು ಸೀರೆಯ ಮೇಲೆ.

ಇಷ್ಟು ಹೇಳಿದ ಕೂಡಲೇ ಪ್ರಗತಿಪರ ಗೆಳೆಯರು ಅರ್ಧನಾರೀಶ್ವರನನ್ನು ಕರೆದುಕೊಂಡು ಬರುತ್ತಾರೆ. ಮೋಹಿನಿ ಬರುತ್ತಾಳೆ, ಬೃಹನ್ನಳೆ ಬರುತ್ತಾಳೆ, ಕೊಲ್ಲಂ ಜಿಲ್ಲೆಯ ಕೊಟ್ಟಂಕುಳಂಗರ ದೇವಸ್ಥಾನದಲ್ಲಿ ಸೀರೆಯುಟ್ಟು ದೀಪ ಹಿಡಿಯುವ ಗಂಡಸರು ಬರುತ್ತಾರೆ. ‘ನಮ್ಮ ಪರಂಪರೆ ಎಷ್ಟು ಉದಾರ!’ ಅನ್ನುವುದು ಅವರ ಷರಾ. ಸೆಮಿನಾರಿನಲ್ಲಿ ಚಪ್ಪಾಳೆಯೂ ಬೀಳುತ್ತದೆ. ನನಗೆ ಈ ಚಪ್ಪಾಳೆಯ ಮೇಲೆ ನಂಬಿಕೆ ಇಲ್ಲ. ಮೋಹಿನಿ ವಿಷ್ಣುವಾಗಿ ಮರಳುತ್ತಾಳೆ, ಬೃಹನ್ನಳೆ ವರ್ಷ ಮುಗಿದಾಗ ಗಾಂಡೀವ ಹಿಡಿಯುತ್ತಾಳೆ, ದೀಪ ಹಿಡಿದವರು ಬೆಳಗಾದರೆ ಅಂಗಡಿ ಬಾಗಿಲು ತೆರೆಯುತ್ತಾರೆ. ಪರಂಪರೆಯ ಈ ಉದಾಹರಣೆಗಳೆಲ್ಲ ಮರಳಿ ಬಂದವರ ಕತೆಗಳು. ಮರಳಲೊಲ್ಲದವರ ಕತೆ ಬೇಕಿದ್ದರೆ ಮಂಜಮ್ಮ ಜೋಗತಿಯವರ ಬದುಕನ್ನು ಓದಿ. ಜಾನಪದ ಅಕಾಡೆಮಿಯ ಅಧ್ಯಕ್ಷತೆ, ಪದ್ಮಶ್ರೀ ಬರುವ ಮೊದಲು ಅವರು ದಾಟಿದ ಹಸಿವು, ಅವಮಾನ ಎಂಥವು ನೋಡಿ. ಅವರಿಗೆ ಸೀರೆ ವೇಷವಾಗಿರಲಿಲ್ಲ, ಬದುಕಾಗಿತ್ತು. ಅದಕ್ಕೇ ಅಷ್ಟು ದೊಡ್ಡ ಬೆಲೆ. ಒಂದು ಮಾತು ಸ್ಪಷ್ಟವಿರಲಿ: ಸ್ಕರ್ಟ್ ಇಷ್ಟಪಡುವ ಗಂಡಸು ಬೇರೆ, ತಾನು ಹೆಣ್ಣೆಂದು ಬದುಕುವವರು ಬೇರೆ. ಇಬ್ಬರನ್ನೂ ಒಂದೇ ಚೀಲಕ್ಕೆ ತುಂಬುವುದು ನಮ್ಮ ಸೋಮಾರಿತನ. ಆದರೆ ಬೀದಿಯಲ್ಲಿ ಇಬ್ಬರಿಗೂ ಬೀಳುವ ಕಲ್ಲು ಒಂದೇ.

ಹಬ್ಬವೇ ಮೊದಲ ಹೆಜ್ಜೆ, ನೋಡುತ್ತ ನೋಡುತ್ತ ಜನರಿಗೆ ರೂಢಿಯಾಗುತ್ತದೆ ಎಂಬ ವಾದಕ್ಕೆ ಒಂದಿಷ್ಟು ತೂಕವಿದೆ. ವರ್ಷವಿಡೀ ಉಸಿರು ಬಿಗಿಹಿಡಿದವನಿಗೆ ಆ ಒಂದು ರಾತ್ರಿ ನಿಜವಾದ ಉಸಿರೇ. ಅದನ್ನು ಹಳಿಯುವ ಹಕ್ಕು ನನಗಿಲ್ಲ. ಆದರೆ ನಮ್ಮ ಹಬ್ಬಗಳು ನಿನ್ನೆ ಮೊನ್ನೆಯವಲ್ಲ. ರೂಢಿಯಾಗಲು ಇನ್ನೆಷ್ಟು ತಲೆಮಾರು ಬೇಕು? ದಾರಿ ಮಾಡಿಕೊಟ್ಟದ್ದು ಬೇರೆ ಬಗೆಯ ದಿನಗಳು. 2020ರಲ್ಲಿ ಸ್ಪೇನಿನ ಬಿಲ್ಬಾವ್‌ನಲ್ಲಿ ಸ್ಕರ್ಟ್ ತೊಟ್ಟು ಬಂದ ತನ್ನನ್ನು ತರಗತಿಯಿಂದ ಎಬ್ಬಿಸಿ ಮನಶ್ಶಾಸ್ತ್ರಜ್ಞರ ಬಳಿಗೆ ಕಳಿಸಿದರು ಎಂದು ವಿದ್ಯಾರ್ಥಿಯೊಬ್ಬ ಹೇಳಿದ. ಬೇರೆ ಬೇರೆ ಶಾಲೆಗಳ ಹುಡುಗರು ಸ್ಕರ್ಟ್ ತೊಟ್ಟು ಬಂದರು. ಮರುವರ್ಷದ ಹೊತ್ತಿಗೆ ಮೇಷ್ಟ್ರುಗಳೂ ಸ್ಕರ್ಟ್ ತೊಟ್ಟು ಪಾಠ ಮಾಡಿದರು. ಇದು ಹಬ್ಬವಲ್ಲ, ಪ್ರತಿಭಟನೆ. ಹಬ್ಬ ಇವತ್ತನ್ನು ಕೇಳುತ್ತದೆ, ಪ್ರತಿಭಟನೆ ನಾಳೆಯನ್ನು ಕೇಳುತ್ತದೆ. ಪ್ರತಿಭಟನೆಯೂ ಎಡವಬಹುದು. 2017ರ ಬಿಸಿಲಿಗೆ ಇಂಗ್ಲೆಂಡಿನ ಎಕ್ಸಿಟರ್‌ನ ಶಾಲೆಯೊಂದರ ಹುಡುಗರು ಚಡ್ಡಿಗೆ ಅನುಮತಿ ಸಿಗದೆ ಸ್ಕರ್ಟ್ ತೊಟ್ಟು ಬಂದರು. ಲೋಕವೆಲ್ಲ ಮೆಚ್ಚಿ ನಕ್ಕಿತು. ಅವರು ಕೇಳಿದ್ದು ಚಡ್ಡಿ, ಸ್ಕರ್ಟ್ ಅಲ್ಲ. ಅಲ್ಲೂ ಸ್ಕರ್ಟ್ ಬರಿಯ ಗುಮ್ಮ.

ನಾನು ಓದುವ ಕಡೆ ಕಿರಿಯನೊಬ್ಬ ಎರಡು ವರ್ಷದ ಹಿಂದೆ ಒಂದು ಸಾಮಾನ್ಯ ಮಂಗಳವಾರ ಕಪ್ಪು ಉದ್ದಲಂಗ ತೊಟ್ಟು ಗ್ರಂಥಾಲಯಕ್ಕೆ ಬಂದ. ಕಾಲೇಜು ದಿನದಂದು ಸೀರೆಯುಟ್ಟು ಕುಣಿದಾಗ ಇವನಿಗೆ ಬಹುಮಾನ ಕೊಟ್ಟಿದ್ದ ಅಧ್ಯಾಪಕರೇ ಕರೆದು, ‘ಇವತ್ತೇನು ಹಬ್ಬ?’ ಎಂದರು. ‘ಏನೂ ಇಲ್ಲ ಸಾರ್, ಸೆಖೆ’ ಅಂದ. ಅವನ ಮೇಲೆ ‘ಶಿಸ್ತಿನ’ ಪತ್ರ ಬಂತು. ಪತ್ರದಲ್ಲಿ ‘ಅಸಭ್ಯ’ ಎಂಬ ಪದವಿತ್ತು. ಕಾಲಿನ ಗಿಣ್ಣಿನವರೆಗೆ ಮುಚ್ಚಿದ ಬಟ್ಟೆ ಅಸಭ್ಯವಾದದ್ದು ಹೇಗೆಂದು ಬರೆದವರು ವಿವರಿಸಲಿಲ್ಲ. ಅವನು ಮತ್ತೆ ಪ್ಯಾಂಟಿಗೆ ಮರಳಿದ. ಮುಂದಿನ ಕಾಲೇಜು ದಿನಕ್ಕೆ ಸೀರೆ ಉಡು ಎಂದು ಸಂಘಟಕರು ಕೇಳಿದಾಗ ಒಲ್ಲೆ ಎಂದ. ಈ ‘ಒಲ್ಲೆ’ ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ. ಮಂಗಳವಾರ ಕೊಡದವರಿಗೆ ಅವನು ತನ್ನ ಹಬ್ಬವನ್ನೂ ಕೊಡಲಿಲ್ಲ.

ಹಬ್ಬಗಳು ಇರಲಿ. ಹುಲಿ ಕುಣಿಯಲಿ, ಕರಗ ಹೊರಡಲಿ, ಅಪಾರ್ಟ್‌ಮೆಂಟಿನ ಮಕ್ಕಳು ಮಾಟಗಾತಿಯರಾಗಲಿ. ಆದರೆ ಆ ಒಂದು ದಿನವನ್ನು ತೋರಿಸಿ ನಾವು ಸಹಿಷ್ಣುಗಳು ಎಂದು ಬೆನ್ನು ತಟ್ಟಿಕೊಳ್ಳುವುದನ್ನು ನಿಲ್ಲಿಸೋಣ. ಒಂದು ಸಮಾಜದ ಉದಾರತೆಯನ್ನು ಅಳೆಯಬೇಕಾದದ್ದು ಅದು ಹಬ್ಬದ ದಿನ ಯಾರಿಗೆ ಚಪ್ಪಾಳೆ ತಟ್ಟಿತು ಎಂಬುದರಿಂದಲ್ಲ, ಕೆಲಸದ ದಿನ ಯಾರನ್ನು ಪ್ರಶ್ನೆ ಕೇಳದೆ ಬಸ್ಸು ಹತ್ತಲು ಬಿಟ್ಟಿತು ಎಂಬುದರಿಂದ. ಲಂಗ ತೊಟ್ಟ ಗಂಡಸಿಗೆ ನಾವು ಕೊಡಬೇಕಾದದ್ದು ಬಹುಮಾನವೂ ಅಲ್ಲ, ಪೂಜೆಯೂ ಅಲ್ಲ. ಅವನತ್ತ ಒಮ್ಮೆ ನೋಡಿ, ನಮ್ಮ ಸ್ಟಾಪು ಬಂತೇ ಎಂದು ಕಿಟಕಿಯಾಚೆ ಕಣ್ಣು ಹಾಯಿಸುವಷ್ಟು ಉದಾಸೀನ ಸಾಕು.