ಹೋಟಲಿನ ವಾದ್ಯವೂ ಮನೆಯ ಸೀರೆಯೂ

'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂದು ನಮ್ಮ ಹಿರಿಯರು ಹೇಳುವುದುಂಟು. ಉಣ್ಣುವ ವಿಷಯದಲ್ಲಿ ನಮ್ಮ ನಾಲಗೆಯೇ ಪ್ರಮಾಣ. ಉಡುವ ವಿಷಯದಲ್ಲಿ ಮಾತ್ರ ನಾಲ್ಕು ಜನರ ಕಣ್ಣಿಗೂ ಸ್ವಲ್ಪ ಮರ್ಯಾದೆ ಸಲ್ಲಬೇಕು ಎಂಬುದು ಇದರ ತಾತ್ಪರ್ಯ. ಆದರೆ ದೊಡ್ಡ ದೊಡ್ಡ ಹೋಟಲುಗಳ ಬಾಗಿಲನ್ನು ದಾಟಿದೆವೆಂದರೆ ಊಟವೂ ಪರರಿಚ್ಛೆ, ನೋಟವೂ ಪರರಿಚ್ಛೆ, ಕೊನೆಗೆ ಕಿವಿಗೆ ಬೀಳುವ ಸಂಗೀತವೂ ಪರರಿಚ್ಛೆಯೇ ಆಗಿಬಿಡುತ್ತದೆ. ಬಂಧುಗಳ ಮನೆಯ ಆರತಕ್ಷತೆ, ಮಗನ ಕಚೇರಿಯವರ ಔತಣ ಮೊದಲಾದ ಕಾರಣಗಳಿಂದ ಸಾಧಾರಣ ಗೃಹಸ್ಥರೂ ಇಂಥ ಹೋಟಲುಗಳ ಮೆಟ್ಟಿಲು ಹತ್ತುವ ಕಾಲ ಈಗ ಬಂದಿದೆ. ಹೊರಡುವ ಮುನ್ನ ಮನೆಯಲ್ಲಿ ಒಂದು ಸಣ್ಣ ಕಳವಳ ಹುಟ್ಟುವುದೂ ಸಹಜ. 'ಅಲ್ಲಿಗೆ ಪಂಚೆ ಉಟ್ಟು ಬರಬಹುದೇನಮ್ಮ?' ಎಂದು ತಾತನವರು ಸೊಸೆಯನ್ನು ಕೇಳುತ್ತಾರೆ; ಸೊಸೆ ಗಂಡನ ಮುಖವನ್ನು ನೋಡುತ್ತಾಳೆ. ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕೆ ಮೊದಲು, ಹೋಟಲಿಗೆ ವೇಷದ ಕಟ್ಟೂ ವಾದ್ಯದ ಮೇಳವೂ ಹೇಗೆ ಬಂದವೆಂಬುದನ್ನು ತಿಳಿಯುವುದು ಉಪಯುಕ್ತವಾದೀತು.

ನಮ್ಮ ಹಳೆಯ ಛತ್ರಗಳಲ್ಲಿ ದಣಿದು ಬಂದವನಿಗೆ ನೀರು, ನೆರಳು, ಒಂದು ಹೊತ್ತಿನ ಅನ್ನ ದೊರೆತರೆ ಸಾಕಾಗಿತ್ತು. ಯೂರೋಪಿನ ಭಾರಿ ಹೋಟಲುಗಳಿಗೆ ಬರುತ್ತಿದ್ದವರ ಅಪೇಕ್ಷೆಯೇ ಬೇರೆ. ಅವರು ಅಲ್ಲಿಗೆ ನೋಡುವುದಕ್ಕೂ ನೋಡಿಸಿಕೊಳ್ಳುವುದಕ್ಕೂ ಬರುತ್ತಿದ್ದರು. ಇದನ್ನು ಚೆನ್ನಾಗಿ ಅರಿತವನು ಸೀಸರ್ ರಿಟ್ಸ್ ಎಂಬಾತ. 1850ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಹಳ್ಳಿಯ ಬಡ ರೈತರ ಮನೆಯಲ್ಲಿ ಹುಟ್ಟಿದ ಈತನು, 1889ರಲ್ಲಿ ಲಂಡನ್ನಿನಲ್ಲಿ ತೆರೆದ ಸವಾಯ್ ಹೋಟಲಿನ ವ್ಯವಸ್ಥಾಪಕನಾಗಿ, ಮುಂದೆ 1898ರಲ್ಲಿ ಪ್ಯಾರಿಸಿನಲ್ಲಿ ತನ್ನ ಹೆಸರಿನದೇ ಹೋಟಲನ್ನು ತೆರೆದನು. ಊಟದ ಮನೆಗೆ ರಾತ್ರಿಯ ಔತಣದ ಉಡುಪಿನಲ್ಲಿಯೇ ಬರಬೇಕೆಂಬ ಕಟ್ಟುಪಾಡನ್ನು ಅವನು ನಡೆಸಿದನು. ಊಟದ ವೇಳೆಯಲ್ಲಿ ವಾದ್ಯಗೋಷ್ಠಿಯನ್ನೂ ಏರ್ಪಡಿಸಿದನು. ಸ್ತ್ರೀಯರ ಮುಖಕ್ಕೆ ಯಾವ ಬಣ್ಣದ ಬೆಳಕು ಒಪ್ಪುವುದೆಂಬುದನ್ನು ತನ್ನ ಹೆಂಡತಿಯನ್ನೇ ದೀಪಗಳ ಕೆಳಗೆ ಕೂರಿಸಿ ಪರೀಕ್ಷಿಸಿದನಂತೆ. ಸಂಗೀತ, ಬೆಳಕು, ಉಡುಪು ಈ ಮೂರೂ ಅತಿಥಿಯನ್ನು ಅವನಿಗಿಂತ ಒಂದು ಮೆಟ್ಟಿಲು ಮೇಲಿನವನಂತೆ ಕಾಣಿಸತಕ್ಕ ಸಾಧನಗಳಾದವು. ಜೊತೆಗೆ ಅಂಥ ಉಡುಪಿಲ್ಲದವನನ್ನು ಹೊರಗೇ ನಿಲ್ಲಿಸುವ ಸಾಧನಗಳೂ ಆದವು.

ಈ ಪದ್ಧತಿ ಸಮುದ್ರವನ್ನು ದಾಟಿ ನಮ್ಮ ದೇಶಕ್ಕೂ ಬಂತು. 1903ನೆಯ ಡಿಸೆಂಬರಿನಲ್ಲಿ ಜಮ್‌ಷೇಟ್‌ಜಿ ಟಾಟಾ ಅವರು ಮುಂಬಯಿಯ ಕಡಲ ದಂಡೆಯಲ್ಲಿ ತಾಜ್ ಮಹಲ್ ಹೋಟಲನ್ನು ತೆರೆದರು. ವಿದ್ಯುದ್ದೀಪ, ಜರ್ಮನಿಯ ಲಿಫ್ಟು, ಅಮೆರಿಕದ ಪಂಖ, ತುರ್ಕಿ ರೀತಿಯ ಸ್ನಾನದ ಮನೆ, ಇಂಗ್ಲಿಷ್ ಬಟ್ಲರುಗಳು, ಹೀಗೆ ಜಗತ್ತಿನ ಸೌಕರ್ಯಗಳೆಲ್ಲ ಅಲ್ಲಿ ಒಂದುಗೂಡಿದವು. 1935ರಲ್ಲಿ ಲಿಯಾನ್ ಅಬ್ಬೆ ಎಂಬ ಪಿಟೀಲು ವಾದಕನು ಅಮೆರಿಕದ ಕಪ್ಪು ಜನಾಂಗದವರ ಜಾಜ್ ಮೇಳವೊಂದನ್ನು ಆ ಹೋಟಲಿಗೆ ಕರೆತಂದನು. ಅವನ ತರುವಾಯ ಕ್ರಿಕೆಟ್ ಸ್ಮಿತ್, ಟೆಡ್ಡಿ ವೆದರ್‌ಫೋರ್ಡ್ ಎಂಬವರು ಅಲ್ಲಿ ಮೇಳ ನಡೆಸಿದರು. ಇವರ ಸ್ವದೇಶದ ಸ್ಥಿತಿಯನ್ನು ನೆನೆದರೆ ಮನಸ್ಸಿಗೆ ಖೇದವಾಗುತ್ತದೆ. ಅಮೆರಿಕದಲ್ಲಿ ಆಗ ಕಪ್ಪು ಜನಾಂಗದ ವಾದಕನು ಬಿಳಿಯರ ಹೋಟಲಿನಲ್ಲಿ ಬಾಜಿಸಬಹುದಾಗಿತ್ತು. ಅದೇ ಹೋಟಲಿನಲ್ಲಿ ಒಂದು ಕೊಠಡಿಯನ್ನು ಬಾಡಿಗೆಗೆ ಪಡೆಯುವುದು ಅನೇಕ ಕಡೆಗಳಲ್ಲಿ ಅವನಿಗೆ ಸಾಧ್ಯವಿರಲಿಲ್ಲ. ಉಡುಪು ಎಷ್ಟೇ ಬೆಲೆಯುಳ್ಳದ್ದಾದರೂ ಅದರಿಂದ ಮಾತ್ರವೇ ಮರ್ಯಾದೆ ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ವೆದರ್‌ಫೋರ್ಡನು ಮತ್ತೆ ತವರಿಗೆ ಹೋಗಿ ನೆಲೆಸಲಿಲ್ಲ. 1945ರಲ್ಲಿ ಕಲ್ಕತ್ತೆಯಲ್ಲಿ ಕಾಲರಾ ತಗುಲಿ ತೀರಿಕೊಂಡನು.

ಆ ಮೇಳಗಳ ನೆರೆಯಲ್ಲಿ ಬೆಳೆದವರು ನಮ್ಮ ದೇಶದ ವಾದಕರು, ಅದರಲ್ಲಿಯೂ ಗೋವೆಯ ಕ್ರೈಸ್ತರು. ಅಲ್ಲಿನ ಇಗರ್ಜಿಗಳಿಗೆ ಸೇರಿದ ಶಾಲೆಗಳಲ್ಲಿ ಮಕ್ಕಳಿಗೆ ಪಾಶ್ಚಾತ್ಯ ಸ್ವರಲಿಪಿಯನ್ನೂ ಪಿಟೀಲನ್ನೂ ಕಲಿಸುತ್ತಿದ್ದರು. ಮಿಕಿ ಕೊರಿಯ ಅವರು 1939ರಿಂದ ಸುಮಾರು ಎರಡು ದಶಕಗಳ ಕಾಲ ತಾಜ್ ಹೋಟಲಿನ ಮೇಳವನ್ನು ನಡೆಸಿದರು. ಅಲ್ದೋನಾ ಎಂಬ ಹಳ್ಳಿಯ ಅಂತೋನಿಯೊ ಶಾವಿಯರ್ ವಾಜ್ ಅವರು 'ಚಿಕ್ ಚಾಕೊಲೆಟ್' ಎಂಬ ಹೆಸರಿನಿಂದ ತುತ್ತೂರಿ ಬಾಜಿಸಿ ಪ್ರಸಿದ್ಧರಾದರು. ಇಸ್ತ್ರಿ ಹಾಕಿದ ಕೋಟು, ಕೊರಳಿಗೆ ಬೋ, ಮಿಂಚುವ ಬೂಟ್ಸು. ಇವರ ವೇಷವು ಎರವಿನದು, ಇವರು ನುಡಿಸುತ್ತಿದ್ದ ಗತ್ತುಗಳೂ ಎರವಿನವು. ಆದರೆ ಕೈಯಲ್ಲಿದ್ದ ವಿದ್ಯೆ ಮಾತ್ರ ಸ್ವಂತದ್ದು. ಸ್ವಂತದ್ದು ಎಲ್ಲಿಗೆ ಹೋದರೂ ಫಲ ಕೊಡುವುದಷ್ಟೆ.

ಹೇಗೆಂದರೆ, ಚಲನಚಿತ್ರಗಳ ಸಂಗೀತ ನಿರ್ದೇಶಕರು ಬಾಯಲ್ಲಿ ಗುನುಗಿದ ಧಾಟಿಯನ್ನು ಸ್ವರಲಿಪಿಯಲ್ಲಿ ಬರೆದು, ಹತ್ತಾರು ವಾದ್ಯಗಳಿಗೆ ಹಂಚಿಕೊಡಬಲ್ಲವರು ಬೇಕಾಗಿದ್ದರು. ಆ ಕೆಲಸಕ್ಕೆ ಹೋಟಲಿನ ವಾದಕರೇ ತಕ್ಕವರು. ಚಿಕ್ ಚಾಕೊಲೆಟ್ ಅವರು ಸಿ. ರಾಮಚಂದ್ರ ಅವರಿಗೆ ಸಹಾಯಕರಾದರು. 1951ರ 'ಅಲ್ಬೇಲಾ' ಚಿತ್ರದ ಸಂಗೀತದಲ್ಲಿ ಅವರ ಕೈ ಉಂಟು. ಲಾಹೋರಿನ ಸ್ಟಿಫಲ್ಸ್ ಹೋಟಲಿನಲ್ಲಿ ಮೇಳ ನಡೆಸುತ್ತಿದ್ದ ಸೆಬಾಸ್ಟಿಯನ್ ಡಿಸೋಜ ಅವರು, 1947ರ ದೇಶವಿಭಜನೆಯಿಂದ ನೆಲೆ ತಪ್ಪಿ ಮುಂಬಯಿಗೆ ಬಂದು, ಶಂಕರ್–ಜೈಕಿಶನ್ ಅವರ ಹಾಡುಗಳಿಗೆ ವಾದ್ಯವಿನ್ಯಾಸವನ್ನು ಬರೆದರು. ಮುಂಬಯಿ ಪ್ರಾಂತದ 1949ರ ಪಾನನಿರೋಧ ಶಾಸನದಿಂದ ಹೋಟಲುಗಳ ನೃತ್ಯಶಾಲೆಗಳು ಕಳೆಗುಂದಿದಾಗ ಎಷ್ಟೋ ವಾದಕರನ್ನು ಪೋಷಿಸಿದ್ದು ಈ ಸ್ಟುಡಿಯೋಗಳೇ. ಹೀಗೆ, ಆ ಹೋಟಲಿನ ಮೆಟ್ಟಿಲನ್ನು ಕನಸಿನಲ್ಲಿಯೂ ಹತ್ತದ ಗೃಹಸ್ಥರು ಅದರ ಸಂಗೀತವನ್ನು ರೇಡಿಯೋ ಸಿಲೋನಿನ ಮೂಲಕ ಅಡಿಗೆಯ ಮನೆಯಲ್ಲಿಯೇ ಕೇಳಿದರು. ಬಾಗಿಲು ಕಾಯುವವನು ಮನುಷ್ಯನನ್ನು ತಡೆಯಬಲ್ಲನು, ಸ್ವರವನ್ನು ತಡೆಯಲಾರನು.

ಸಂಗೀತದಂತೆ ಉಡುಪಿನಲ್ಲಿಯೂ ತನ್ನತನವನ್ನು ಉಳಿಸಿಕೊಂಡವರಲ್ಲಿ ಉಷಾ ಉತುಪ್ ಅವರ ಉದಾಹರಣೆ ನಮ್ಮ ಗೃಹಿಣಿಯರಿಗೆ ವಿಶೇಷವಾಗಿ ಹಿಡಿಸೀತು. 1969ರಲ್ಲಿ ಅವರು ಮದರಾಸಿನ 'ನೈನ್ ಜೆಮ್ಸ್' ಎಂಬ ನೈಟ್‌ಕ್ಲಬ್ಬಿನಲ್ಲಿ ಹಾಡತೊಡಗಿದರು. ತರುವಾಯ ಕಲ್ಕತ್ತೆಯ ಟ್ರಿಂಕಾಸ್, ದಿಲ್ಲಿಯ ಒಬೆರಾಯ್ ಹೋಟಲು. ಅಂಥ ಸ್ಥಳಗಳಲ್ಲಿ ಗಾಯಕಿಯೆಂದರೆ ಗೌನು ತೊಟ್ಟವಳೆಂಬ ಭಾವನೆಯೇ ಜನರಲ್ಲಿದ್ದ ಕಾಲ. ಇವರು ಕಾಂಜೀವರದ ಸೀರೆ ಉಟ್ಟು, ಹಣೆಗೆ ದೊಡ್ಡ ಬೊಟ್ಟಿಟ್ಟು, ತುಂಬುಗಂಠದಲ್ಲಿ ಇಂಗ್ಲಿಷ್ ಹಾಡುಗಳನ್ನು ಹಾಡಿದರು. ಮನೆಯಲ್ಲಿ ಉಡುತ್ತಿದ್ದುದನ್ನೇ ಅಲ್ಲಿಯೂ ಉಟ್ಟರು, ಅಷ್ಟೆ. ದಿಲ್ಲಿಯ ಹೋಟಲಿನಲ್ಲಿ ಅವರ ಹಾಡನ್ನು ಕೇಳಿದ ದೇವ್ ಆನಂದ್ ಅವರು 1971ರ 'ಹರೇ ರಾಮ ಹರೇ ಕೃಷ್ಣ' ಚಿತ್ರದಲ್ಲಿ ಹಾಡುವ ಅವಕಾಶವನ್ನಿತ್ತರು. 2024ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ಸಂದಿತು. ಸೀರೆಯಿಂದ ಹಾಡಿಗೆ ಕುಂದುಂಟಾಗಲಿಲ್ಲ. ಹಾಡಿನಿಂದ ಸೀರೆಗೂ ಕುಂದುಂಟಾಗಲಿಲ್ಲ.

ನಮ್ಮ ಮೈಸೂರಿನ ಅರಸರು ಈ ವಿವೇಕವನ್ನು ಮೊದಲೇ ತೋರಿಸಿಕೊಟ್ಟಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರು ಯೂರೋಪಿಯನ್ ಅತಿಥಿಗಳಿಗಾಗಿ 1921ರಲ್ಲಿ ಲಲಿತಮಹಲ್ ಅರಮನೆಯ ನಿರ್ಮಾಣವನ್ನು ಆರಂಭಿಸಿದರು. ಅದು 1974ರಲ್ಲಿ ಹೋಟಲಾಯಿತು. ಅವರ ಆಸ್ಥಾನದಲ್ಲಿ ಪಾಶ್ಚಾತ್ಯ ವಾದ್ಯಗೋಷ್ಠಿಗೂ ಕರ್ನಾಟಕ ಸಂಗೀತಕ್ಕೂ ಎಡೆಯಿತ್ತು. ಅತಿಥಿಯ ರುಚಿಯನ್ನು ಗೌರವಿಸುವುದಕ್ಕಾಗಿ ಪ್ರಭುಗಳು ತಮ್ಮ ಪೇಟವನ್ನು ಕೆಳಗಿಳಿಸಲಿಲ್ಲ.

ಇಷ್ಟಾದರೂ ಬಾಗಿಲಿನ ತೊಡಕು ಪೂರ್ತಿಯಾಗಿ ಮುಗಿದಿಲ್ಲ. 2014ರಲ್ಲಿ ಚೆನ್ನೈಯ ಒಂದು ಕ್ರಿಕೆಟ್ ಕ್ಲಬ್ಬಿನವರು ಪಂಚೆ ಉಟ್ಟು ಬಂದ ಹೈಕೋರ್ಟಿನ ನ್ಯಾಯಾಧೀಶರೊಬ್ಬರನ್ನೇ ಒಳಗೆ ಬಿಡಲಿಲ್ಲ. ಅದೇ ವರ್ಷ ತಮಿಳುನಾಡಿನ ಶಾಸನಸಭೆಯು ಅಂಥ ನಿರ್ಬಂಧವನ್ನು ತೆಗೆದುಹಾಕುವ ಕಾನೂನನ್ನು ಮಾಡಿತು. 2024ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನ ಒಂದು ಮಾಲಿಗೆ ಮಗನೊಡನೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ರೈತರೊಬ್ಬರನ್ನು ಪಂಚೆಯ ಕಾರಣದಿಂದ ತಡೆದರು. ಸರ್ಕಾರವು ಆ ಮಾಲನ್ನು ಏಳು ದಿನ ಮುಚ್ಚಿಸಲು ಕ್ರಮ ಕೈಗೊಂಡಿತು. ನ್ಯಾಯಾಧೀಶರಿಗೆ ಪದವಿಯ ಬಲವಿತ್ತು. ಆ ರೈತರಿಗೆ ಜೊತೆಯಲ್ಲಿ ನಿಂತು ಕೇಳಿದ ಮಗನಿದ್ದನು. ಹಾಗೆ ಕೇಳುವ ಮಕ್ಕಳು ಪ್ರತಿ ಮನೆಯಲ್ಲಿಯೂ ಇರಬೇಕು.

ಈಗ ತಾತನವರ ಪ್ರಶ್ನೆಗೆ ಉತ್ತರ ಸುಲಭವಾಯಿತು. ಒಗೆದು ಮಡಿಕೆ ಮಾಡಿದ ಬಿಳಿಯ ಪಂಚೆ, ಹೆಗಲಿಗೆ ಶಲ್ಯ. ಇದಕ್ಕಿಂತ ಗಂಭೀರವಾದ ಉಡುಪು ಅವರಿಗೆ ಬೇರೆ ಬೇಕಿಲ್ಲ. ಗೃಹಿಣಿಯರಿಗೆ ಇಳಕಲ್ಲಿನ ಸೀರೆಯಾಗಲಿ ಮೊಳಕಾಲ್ಮುರಿನ ರೇಷ್ಮೆಯಾಗಲಿ ಯಾವ ದೀಪದ ಕೆಳಗೂ ಒಪ್ಪುತ್ತದೆ. ಸಾಲ ಮಾಡಿ ಕೊಂಡ ಉಡುಪು, ಕೇಳಿ ತಂದ ಒಡವೆ, ಕಾಲು ಕಚ್ಚುವ ಹೊಸ ಚಪ್ಪಲಿ ಇವು ಬೇಡ. ಇವುಗಳನ್ನು ಧರಿಸಿದವರ ಮನಸ್ಸೆಲ್ಲ ಇವುಗಳ ಮೇಲೆಯೇ ಇದ್ದು, ಎದುರು ಕುಳಿತವರ ಮಾತು ಕಿವಿಗೆ ಬೀಳುವುದಿಲ್ಲ. ಅಲ್ಲಿನ ಶೀತಯಂತ್ರದ ಚಳಿ ವೃದ್ಧರಿಗೆ ಒಗ್ಗದಾದ್ದರಿಂದ ಒಂದು ಶಾಲನ್ನು ಮರೆಯದೆ ಒಯ್ಯಬೇಕು. ಆಹ್ವಾನಪತ್ರದಲ್ಲಿ ಉಡುಪಿನ ನಿಯಮವೇನಾದರೂ ಇದ್ದರೆ ಕರೆದವರನ್ನೇ ಮುಂಚಿತವಾಗಿ ವಿಚಾರಿಸುವುದರಲ್ಲಿ ಸಂಕೋಚಪಡತಕ್ಕದ್ದೇನೂ ಇಲ್ಲ.

ಇನ್ನು ವಾದ್ಯದ ವಿಷಯ. ಸಂಗೀತವು ಮಾತಿಗೆ ಅಡ್ಡಿಯಾಗುವಷ್ಟು ಜೋರಾಗಿದ್ದರೆ ತಗ್ಗಿಸಿರೆಂದು ಸೌಮ್ಯವಾಗಿ ಕೇಳುವ ಹಕ್ಕು ಅತಿಥಿಗೆ ಉಂಟು. ಆದರೆ ಮೂಲೆಯಲ್ಲಿ ಕುಳಿತು ಮೂರು ಗಂಟೆಗಳ ಕಾಲ ನುಡಿಸುವವನನ್ನು ಗೋಡೆಯ ಚಿತ್ರದಂತೆ ಎಣಿಸುವುದು ಸಲ್ಲದು. ಅವನ ಕೋಟು ಹೋಟಲಿನವರದಾಗಿರಬಹುದು. ಅವನ ಬೆರಳಿನ ಹಿಂದೆ ವರ್ಷಾನುಗಟ್ಟಲೆಯ ಸಾಧನೆಯಿದೆ. ಒಂದು ಹಾಡು ಮುಗಿದಾಗ ಚಮಚವನ್ನು ಕೆಳಗಿಟ್ಟು, ಅವನ ಕಡೆಗೆ ತಿರುಗಿ ಚಪ್ಪಾಳೆ ತಟ್ಟುವುದನ್ನು ನಮ್ಮ ಮಕ್ಕಳಿಗೆ ಕಲಿಸೋಣ.